ಒಂದೇ ಲೈಸೆನ್ಸ್ ಇದ್ದ ಶೆಡ್ಡಿಗೆ ಸಾಲಿಡ್‌ವರ್ಕ್ಸ್ ಆಡ್-ಇನ್ ಬರೆದದ್ದು

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಬಾಕ್ಸ್ ಮಾಡುವ ಒಂದು ಸಣ್ಣ ಶೆಡ್ಡಿಗೆ ನಾನು ಸಾಲಿಡ್‌ವರ್ಕ್ಸ್ (3ಡಿ ವಿನ್ಯಾಸದ ಸಾಫ್ಟ್‌ವೇರ್) ಒಳಗೆ ಸೇರಿಕೊಂಡು ಓಡುವ ಸಣ್ಣ ಪ್ರೋಗ್ರಾಂ, ಅಂದರೆ ಆಡ್-ಇನ್, ಬರೆದುಕೊಟ್ಟಿದ್ದೇನೆ. ಅದರ ಕೆಲಸ ಇಷ್ಟೇ. ಅಸೆಂಬ್ಲಿಯಲ್ಲಿರುವ ಒಂದೊಂದು ತಗಡಿನ ಪಾರ್ಟನ್ನೂ ಬೆಂಡ್ ಬಿಡಿಸಿ ಚಪ್ಪಟೆ ಮಾಡಿ, ಲೇಸರ್ ಕಟಿಂಗ್‌ಗೆ ಡಿಎಕ್ಸ್‌ಎಫ್ ಫೈಲ್ (ಗೆರೆಚಿತ್ರದ ಫೈಲ್) ತೆಗೆಯುವುದು. ಯಾವುದು ಎಷ್ಟು ಬೇಕು ಅಂತ ಪಟ್ಟಿ ಕೊಡುವುದು. ಮೊದಲು ಇದನ್ನೆಲ್ಲ ಡ್ರಾಫ್ಟ್ಸ್‌ಮನ್ ಒಂದೊಂದೇ ಫೈಲ್ ತೆರೆದು ಕೈಯಲ್ಲೇ ಮಾಡುತ್ತಿದ್ದರು.

ಶೆಡ್ಡಿನಲ್ಲಿರುವುದು ಒಂದೇ ಲೈಸೆನ್ಸ್. ಹಗಲೆಲ್ಲ ಅದರ ಮುಂದೆ ಡ್ರಾಫ್ಟ್ಸ್‌ಮನ್ ಕೂತಿರುತ್ತಾರೆ, ಸಂಜೆ ಅವರು ಎದ್ದ ಮೇಲೆ ನನ್ನ ಸರದಿ. ಕೋಡ್ ಹೇಗಿರಬೇಕು ಅನ್ನುವುದನ್ನು ನಿಜವಾಗಿ ತೀರ್ಮಾನಿಸಿದ್ದು ಈ ಅಡಚಣೆಯೇ. ಸಿ ಶಾರ್ಪ್‌ನಲ್ಲಿ ಎರಡು ಪ್ರಾಜೆಕ್ಟ್ ಮಾಡಿಕೊಂಡೆ. ಒಂದರಲ್ಲಿ ಸಾಲಿಡ್‌ವರ್ಕ್ಸ್‌ನ ಹೆಸರೇ ಇಲ್ಲ: ಪಾರ್ಟ್ ನಂಬರ್, ದಪ್ಪ, ಮೆಟೀರಿಯಲ್, ಸಂಖ್ಯೆ ಇಷ್ಟು ಇರುವ ಒಂದು ಸಾದಾ ಕ್ಲಾಸ್, ಫೈಲಿಗೆ ಹೆಸರಿಡುವ ನಿಯಮ, ಎಣಿಕೆ, ಗೇಜ್ ಪಟ್ಟಿ. ಇನ್ನೊಂದು ಬರೀ ಸೇತುವೆ. ಮಾಡೆಲ್ ಓದಿ ಆ ಕ್ಲಾಸ್ ತುಂಬಿಸುತ್ತದೆ, ಫೈಲ್ ಬರೆಸುತ್ತದೆ. ಮೊದಲನೆಯದನ್ನು ಮನೆಯ ಲ್ಯಾಪ್‌ಟಾಪ್‌ನಲ್ಲಿ ಲೈಸೆನ್ಸ್ ಇಲ್ಲದೆಯೇ ಪೂರ್ತಿ ಟೆಸ್ಟ್ ಮಾಡಬಹುದು. ತಲೆನೋವಿನ ಮುಕ್ಕಾಲು ಪಾಲು ಅಲ್ಲೇ ಇರುತ್ತದೆ. ಕೈಯಲ್ಲಿ ಹತ್ತು ಲೈಸೆನ್ಸ್ ಇದ್ದರೂ ಈಗ ಹೀಗೇ ಬರೆಯುತ್ತೇನೆ.

ಎಣಿಕೆ ಸುಲಭ ಅನ್ನಿಸುತ್ತದೆ, ಆದರೆ ಅಲ್ಲ. ಅಸೆಂಬ್ಲಿಯ ಎಲ್ಲ ಕಾಂಪೊನೆಂಟ್‌ಗಳನ್ನು ಕೇಳಿದರೆ ಸಬ್-ಅಸೆಂಬ್ಲಿಗಳೂ ಪಟ್ಟಿಯಲ್ಲಿ ಬರುತ್ತವೆ, ಸಪ್ರೆಸ್ ಮಾಡಿದವೂ (ಸದ್ಯಕ್ಕೆ ಬೇಡವೆಂದು ಆಫ್ ಮಾಡಿಟ್ಟವೂ) ಬರುತ್ತವೆ. ಸಪ್ರೆಸ್ ಆದದ್ದರ ಮಾಡೆಲ್ ಕೇಳಿದರೆ ಸಿಗುವುದು ನಲ್, ಅಂದರೆ ಖಾಲಿ. ಲೈಟ್‌ವೇಟ್ ಆಗಿ (ಮಾಹಿತಿ ಪೂರ್ತಿ ತರದೆ ಹಗುರವಾಗಿ) ಲೋಡ್ ಆದದ್ದೂ ಹಾಗೆಯೇ. ಎರಡನ್ನೂ ಒಂದೇ ಅಂತ ಬಿಟ್ಟುಬಿಟ್ಟರೆ ಬೇಕಾದ ಪಾರ್ಟೇ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಗುತ್ತದೆ. ಅದಕ್ಕೇ ಮೊದಲು ಲೈಟ್‌ವೇಟ್‌ಗಳನ್ನೆಲ್ಲ ರಿಸಾಲ್ವ್ ಮಾಡಿಸಿ (ಪೂರ್ತಿ ಲೋಡ್ ಮಾಡಿಸಿ), ಆಮೇಲೆ ಸಪ್ರೆಸ್ ಆದವನ್ನು ಕೈಬಿಡುತ್ತೇನೆ. ಇನ್ನೊಂದು ವಿಷಯ ಕಾನ್ಫಿಗರೇಶನ್, ಅಂದರೆ ಒಂದೇ ಫೈಲಿನೊಳಗಿನ ಬೇರೆ ಬೇರೆ ರೂಪ. ಪ್ಯಾನೆಲ್ ಬಾಗಿಲು ಒಂದೇ ಫೈಲ್, ಒಳಗೆ 600, 800, 1000 ಮಿ.ಮೀ. ಅಂತ ಮೂರು ಕಾನ್ಫಿಗರೇಶನ್. ಬರೀ ಫೈಲ್ ಹೆಸರು ಹಿಡಿದು ಎಣಿಸಿದರೆ ಮೂರು ಅಳತೆಯ ಬಾಗಿಲು ಒಂದೇ ಅಳತೆಯಾಗಿ ಕಟ್ ಆಗಿ ಬರುತ್ತವೆ. ಆದ್ದರಿಂದ ಫೈಲಿನ ಪೂರ್ತಿ ಪಾತ್, ಕಾನ್ಫಿಗರೇಶನ್ ಹೆಸರು ಎರಡನ್ನೂ ಸೇರಿಸಿ ಎಣಿಕೆಯ ಕೀ (ಗುರುತು) ಮಾಡಿಕೊಳ್ಳಬೇಕು.

ಸಾಲಿಡ್‌ವರ್ಕ್ಸ್ ಎಪಿಐ (ನಮ್ಮ ಕೋಡ್ ಅದರೊಡನೆ ಮಾತಾಡುವ ದಾರಿ) ಉದ್ದವನ್ನು ಯಾವಾಗಲೂ ಮೀಟರಿನಲ್ಲಿ, ಕೋನವನ್ನು ರೇಡಿಯನ್ನಿನಲ್ಲಿ ಕೊಡುತ್ತದೆ. ಪರದೆಯ ಮೇಲೆ ಮಿ.ಮೀ. ಕಂಡರೂ ಅಷ್ಟೇ, ಇಂಚು ಕಂಡರೂ ಅಷ್ಟೇ. 1.6 ಮಿ.ಮೀ. ಶೀಟ್ ಕೋಡಿಗೆ ಕಾಣುವುದು 0.0016 ಆಗಿ. ಸಾವಿರದಿಂದ ಗುಣಿಸಿ ನೇರವಾಗಿ 1.6ಕ್ಕೆ ಸಮವೇ ಅಂತ ಕೇಳಬಾರದು, ದಶಾಂಶದ ತುದಿಯಲ್ಲಿ ಎಲ್ಲೋ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು. ಸೇತುವೆ ದಾಟುವಾಗಲೇ ಮಿ.ಮೀ.ಗೆ ತಂದು ಎರಡು ದಶಾಂಶಕ್ಕೆ ರೌಂಡ್ ಮಾಡಿಬಿಡುತ್ತೇನೆ, ಆಚೆ ಕಡೆ ಮೀಟರ್ ಅನ್ನುವ ಮಾತೇ ಬರುವುದಿಲ್ಲ. ಶೆಡ್ಡಿನಲ್ಲಿ ಮಾತಾಡುವುದು ಗೇಜಿನಲ್ಲಿ: 1.2 ಮಿ.ಮೀ. ಅಂದರೆ 18 ಗೇಜ್, 1.6 ಅಂದರೆ 16, 2 ಅಂದರೆ 14. ಪಟ್ಟಿಯಲ್ಲಿ ಎರಡೂ ಇರುತ್ತವೆ.

ಡಿಎಕ್ಸ್‌ಎಫ್ ತೆಗೆಯಲು ಎಕ್ಸ್‌ಪೋರ್ಟ್‌ಟುಡಿಡಬ್ಲ್ಯೂಜಿ2 ಅಂತ ಒಂದು ಮೆಥಡ್ ಇದೆ. ಅದರಲ್ಲಿ ಶೀಟ್ ಮೆಟಲ್ ಆಯ್ಕೆಗಳನ್ನು ಒಂದು ಸಂಖ್ಯೆಯಾಗಿ ಕೊಡಬೇಕು, ಒಂದೊಂದು ಬಿಟ್‌ಗೂ ಒಂದೊಂದು ಅರ್ಥ. ಆಕಾರಕ್ಕೆ 1, ಬೆಂಡ್ ಲೈನಿಗೆ 4. ಎರಡೂ ಬೇಕಾದರೆ 5. ನಾನು 5 ಅಂತಲೇ ಇಡುವವನಿದ್ದೆ. ಲೇಸರ್ ಆಪರೇಟರ್ ತಡೆದರು: “ಬೆಂಡ್ ಲೈನ್ ಬಿಟ್ಟು ಕಳ್ಸಿ ಸಾರ್, ಇಲ್ಲಾಂದ್ರೆ ಮಿಷನ್ನು ಅದನ್ನೂ ಕುಯ್ದಾಕ್ಬಿಡುತ್ತೆ.” ಪ್ರೆಸ್ ಬ್ರೇಕ್‌ನಲ್ಲಿ ಮಡಚುವವರಿಗೆ ಮಾತ್ರ ಆ ಗೆರೆ ಬೇಕೇ ಬೇಕು. ಈಗ ಎರಡು ಫೋಲ್ಡರ್: ಕಟಿಂಗ್‌ಗೆ 1, ಬೆಂಡಿಂಗ್‌ಗೆ 5.

ಇಷ್ಟೊಂದು ಫೈಲ್ ಬರೆಯುವಾಗ ಪರದೆ ಪದೇ ಪದೇ ಮಿನುಗಿ ಕೆಲಸ ನಿಧಾನವಾಗುತ್ತದೆ. ಗ್ರಾಫಿಕ್ಸ್ ಅಪ್‌ಡೇಟನ್ನೂ ಫೀಚರ್ ಟ್ರೀಯನ್ನೂ ತಾತ್ಕಾಲಿಕವಾಗಿ ನಿಲ್ಲಿಸಿದರೆ ಕಣ್ಣಿಗೆ ಕಾಣುವಷ್ಟು ವೇಗ ಬರುತ್ತದೆ. ಆದರೆ ಮತ್ತೆ ಆನ್ ಮಾಡುವ ಸಾಲು ಕಡ್ಡಾಯವಾಗಿ ಫೈನಲಿ ಬ್ಲಾಕಿನಲ್ಲೇ (ತಪ್ಪಾದರೂ ಓಡುವ ಕೋಡಿನ ಭಾಗದಲ್ಲೇ) ಇರಬೇಕು. ಇಲ್ಲದಿದ್ದರೆ, ಮಧ್ಯದಲ್ಲಿ ಏನಾದರೂ ಎಡವಟ್ಟಾದಾಗ ಡ್ರಾಫ್ಟ್ಸ್‌ಮನ್ ಕೈಗೆ ಸತ್ತ ಪರದೆ ಸಿಗುತ್ತದೆ, ಸೇವ್ ಮಾಡದ ಡ್ರಾಯಿಂಗ್ ಅದರ ಹಿಂದೆ. ಆಡ್-ಇನ್ ಓಡುವುದು ಸಾಲಿಡ್‌ವರ್ಕ್ಸ್‌ನ ಪ್ರೊಸೆಸ್ಸಿನ ಒಳಗೇ. ಹಾಗಾಗಿ ಪ್ರತಿ ಬಟನ್ನಿನ ಕಾಲ್‌ಬ್ಯಾಕ್ (ಒತ್ತಿದಾಗ ಓಡುವ ಕೋಡ್) ಸುತ್ತಲೂ ತಪ್ಪು ಹಿಡಿಯುವ ಟ್ರೈ-ಕ್ಯಾಚ್ ಹಾಕಿ, ತಪ್ಪನ್ನು ಲಾಗ್ ಫೈಲಿಗೆ ಬರೆದು, ಪರದೆಯ ಮೇಲೆ ಒಂದೇ ವಾಕ್ಯ ತೋರಿಸುತ್ತೇನೆ.

ವೇಗಕ್ಕೆ ಇನ್ನೊಂದು ಥ್ರೆಡ್ (ಜೊತೆಜೊತೆಗೆ ಓಡುವ ಕೆಲಸದ ಎಳೆ) ಹಾಕೋಣ ಅಂತ ಯಾರಿಗಾದರೂ ಅನ್ನಿಸಿದರೆ ಬೇಡ. ಕರೆಗಳೆಲ್ಲ ಕಾಮ್ (COM, ವಿಂಡೋಸ್ ಪ್ರೋಗ್ರಾಂಗಳು ಒಂದನ್ನೊಂದು ಕರೆಯುವ ವ್ಯವಸ್ಥೆ) ಮೂಲಕ ಮುಖ್ಯ ಥ್ರೆಡ್ಡಿಗೇ ವಾಪಸ್ ಹೋಗಿ ಸಾಲಿನಲ್ಲಿ ನಿಲ್ಲುತ್ತವೆ, ಕೆಲಸ ಇನ್ನೂ ನಿಧಾನ. ಸಾಲಿಡ್‌ವರ್ಕ್ಸ್‌ನದೇ ಪ್ರೋಗ್ರೆಸ್ ಬಾರ್ ಇದೆ, ಅದನ್ನು ಬಳಸಿದರೆ ಎಸ್ಕೇಪ್ ಒತ್ತಿ ನಿಲ್ಲಿಸುವ ಸೌಲಭ್ಯವೂ ಸಿಗುತ್ತದೆ.

ಪಟ್ಟಿ ಸಿಎಸ್‌ವಿ ಫೈಲ್, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಠ್ಯ. ಆಪರೇಟರ್‌ಗೆಂದು ಷರಾ ಕಾಲಂ ಕನ್ನಡದಲ್ಲಿದೆ: ‘ಬೆಂಡ್ ಇದೆ’, ‘ಫಿಲ್ಮ್ ತೆಗೆಯಬೇಡಿ’, ಇಂಥವು. ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ (ಸಿ ಶಾರ್ಪ್ ಕೋಡ್ ಓಡುವ ವೇದಿಕೆ) ಏನೂ ಹೇಳದೆ ಬರೆದರೆ ಯುಟಿಎಫ್-8 ಫೈಲಿನ ಆರಂಭದಲ್ಲಿ ಅಕ್ಷರಗಳ ಎನ್‌ಕೋಡಿಂಗ್ ಯಾವುದು ಅಂತ ಸೂಚಿಸುವ ಬಿಒಎಂ ಗುರುತು ಇರುವುದಿಲ್ಲ. ಅಂಥ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರಗಳು ಕಾಣಬಹುದು. ಎನ್‌ಕೋಡಿಂಗ್‌ನಲ್ಲಿ ಬಿಒಎಂ ಬೇಕು ಅಂತ ಹೇಳಿದರೆ ಮುಗಿಯಿತು. ಸಂಖ್ಯೆಗಳನ್ನು ಇನ್‌ವೇರಿಯಂಟ್ ಕಲ್ಚರ್‌ನಲ್ಲಿ (ದೇಶ-ಭಾಷೆಗೆ ತಕ್ಕಂತೆ ಬದಲಾಗದ ರೂಪದಲ್ಲಿ), ಗುಂಪು ಮಾಡುವ ಅಲ್ಪವಿರಾಮ ಇಲ್ಲದೆ ಬರೆಯಬೇಕು. 1,250 ಅಂತ ಬರೆದರೆ ಸಿಎಸ್‌ವಿಯಲ್ಲಿ ಅದು ಎರಡು ಕಾಲಂ.

ಕೊನೆಗೆ ಇನ್‌ಸ್ಟಾಲ್. ಈಗಿನ ಸಾಲಿಡ್‌ವರ್ಕ್ಸ್ 64 ಬಿಟ್ ಮಾತ್ರ, ಆದ್ದರಿಂದ ಆಡ್-ಇನ್ ನೋಂದಾಯಿಸುವ ರೆಗ್‌ಆಸ್ಮ್ ಕೂಡ ವಿಂಡೋಸ್‌ನ ಫ್ರೇಮ್‌ವರ್ಕ್64 ಫೋಲ್ಡರಿನದ್ದೇ ಆಗಬೇಕು, ಜೊತೆಗೆ ಆಡ್-ಇನ್ ಫೈಲ್ (ಡಿಎಲ್‌ಎಲ್) ಎಲ್ಲಿದೆ ಅಂತ ಬರೆಸುವ ಕೋಡ್‌ಬೇಸ್ ಆಯ್ಕೆ. 32 ಬಿಟ್‌ನದನ್ನು ಓಡಿಸಿದರೂ ‘ಯಶಸ್ವಿ’ ಅಂತಲೇ ಹೇಳುತ್ತದೆ, ಆದರೆ ನೋಂದಣಿ ರಿಜಿಸ್ಟ್ರಿಯ ಬೇರೆ ಮೂಲೆಗೆ ಹೋಗಿ ಆಡ್-ಇನ್ ಪಟ್ಟಿಯಲ್ಲಿ ಏನೂ ಕಾಣುವುದಿಲ್ಲ. ನೋಂದಣಿಗೆ ಅಡ್ಮಿನ್ ಹಕ್ಕು ಬೇಕು, ಅದು ಒಂದು ಸಲದ ಕೆಲಸ. ಆಮೇಲೆ ಹೊಸ ಆವೃತ್ತಿ ಹಾಕಲು ಡಿಎಲ್‌ಎಲ್ ಬದಲಿಸಿದರೆ ಸಾಕು, ಆದರೆ ಸಾಲಿಡ್‌ವರ್ಕ್ಸ್ ತೆರೆದಿರುವವರೆಗೂ ಆ ಫೈಲ್ ಲಾಕ್. ಡೆಸ್ಕ್‌ಟಾಪಿನ ಐಕಾನ್ ಈಗ ಒಂದು ಬ್ಯಾಚ್ ಫೈಲಿಗೆ ಹೋಗುತ್ತದೆ: ಹಂಚಿದ ಫೋಲ್ಡರಿನಲ್ಲಿ ಹೊಸ ಡಿಎಲ್‌ಎಲ್ ಇದ್ದರೆ ನಕಲು ಮಾಡಿ, ಆಮೇಲೆ ಸಾಲಿಡ್‌ವರ್ಕ್ಸ್ ತೆರೆಯುತ್ತದೆ. ರಾತ್ರಿ ನಾನು ಮನೆಯಿಂದ ಕಳಿಸಿದ್ದು ಬೆಳಿಗ್ಗೆ ಡ್ರಾಫ್ಟ್ಸ್‌ಮನ್ ಮಿಷನ್ ಹಾಕಿದಾಗ ಅಲ್ಲಿರುತ್ತದೆ. ಬ್ಯಾಚ್ ಹಳೆಯ ಡಿಎಲ್‌ಎಲ್‌ಅನ್ನೂ ಬೇರೆ ಹೆಸರಿನಲ್ಲಿ ಪಕ್ಕಕ್ಕಿಡುತ್ತದೆ. ಹೊಸದು ಕೈಕೊಟ್ಟರೆ ಯಾವುದನ್ನು ವಾಪಸ್ ಹಾಕಬೇಕು ಅಂತ ಅವರಿಗೆ ಗೊತ್ತು, ನನಗೆ ಫೋನ್ ಮಾಡಬೇಕಾಗಿಲ್ಲ.