ಪೊಕೆಮಾನ್ ಕಾಳಗ: ನಾಲ್ಕು ದಾಳಿಗಳನ್ನು ಆರಿಸುವುದು ಹೇಗೆ?

ಪೊಕೆಮಾನ್ ಎಂಬ ಪ್ರಾಣಿಗಳನ್ನು ಕಾಳಗಕ್ಕಿಳಿಸುವ ಪೊಕೆಮಾನ್ ವಿಡಿಯೊ ಗೇಮ್ ಆಡುವವರ ತಂಡಗಳನ್ನು ನೋಡಿದಾಗಲೆಲ್ಲ ಒಂದೇ ತಪ್ಪು ಕಣ್ಣಿಗೆ ಬೀಳುತ್ತದೆ. ‘ಪವರ್’ ಎಂಬಲ್ಲಿ ದೊಡ್ಡ ಅಂಕಿ ಕಂಡರೆ ಸಾಕು, ಆ ದಾಳಿಯನ್ನೇ ಕಲಿಸಿಬಿಟ್ಟಿರುತ್ತಾರೆ. ಒಂದು ಪೊಕೆಮಾನ್ ಇಟ್ಟುಕೊಳ್ಳಬಹುದಾದದ್ದು ನಾಲ್ಕೇ ದಾಳಿ. ಅದರಲ್ಲಿ ಒಂದು ದಂಡವಾದರೂ ಕಾಳಗದ ನಡುವೆ ಕೈಕಟ್ಟಿದಂತಾಗುತ್ತದೆ.

ಮೊದಲು ಟೈಪ್, ಅಂದರೆ ಪೊಕೆಮಾನ್ ಮತ್ತು ದಾಳಿ ನೀರಿನದೋ ಬೆಂಕಿಯದೋ ಎಂಬ ಬಗೆಯನ್ನು ನೋಡಿ. ನೀರಿನ ದಾಳಿ ಬೆಂಕಿಯ ಮೇಲೆ ಎರಡು ಪಟ್ಟು, ಹುಲ್ಲಿನ ಮೇಲೆ ಅರ್ಧ. ವಿದ್ಯುತ್ ದಾಳಿ ನೆಲದ ಟೈಪ್‌ನ ಮೇಲೆ ಪೂರ್ತಿ ಸೊನ್ನೆ. ಇದು ಆಡುತ್ತಾ ಆಡುತ್ತಾ ಬಾಯಿಪಾಠವಾಗುತ್ತದೆ. ಹಳೆಯ ಗೈಡ್ ಪುಸ್ತಕಗಳ ಕೋಷ್ಟಕವನ್ನು ಮಾತ್ರ ನಂಬಬೇಡಿ: 2013ರಲ್ಲಿ ಫೇರಿ ಟೈಪ್ ಸೇರಿ ಲೆಕ್ಕ ಬದಲಾಗಿದೆ. ಪೊಕೆಮಾನ್ ಗೋ ಎಂಬ ಮೊಬೈಲ್ ಆಟಕ್ಕೆಂದು ಮಾಡಿದ ಆ್ಯಪ್‌ಗಳೂ ಇಲ್ಲಿ ಉಪಯೋಗಕ್ಕೆ ಬಾರವು. ಅಲ್ಲಿನ ಗುಣಕಗಳೇ ಬೇರೆ.

ಎರಡನೆಯದು ಫಿಸಿಕಲ್, ಸ್ಪೆಷಲ್ ವ್ಯತ್ಯಾಸ. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಫಿಸಿಕಲ್ ದಾಳಿಯ ಬಲ ‘ಅಟ್ಯಾಕ್’ ಅಂಕಿಯಿಂದ ಬರುತ್ತದೆ, ಸ್ಪೆಷಲ್ ದಾಳಿಯದು ‘ಸ್ಪೆಷಲ್ ಅಟ್ಯಾಕ್’ನಿಂದ. ನೀರು ಮತ್ತು ಹಾರುವ ಟೈಪ್ ಎರಡೂ ಇರುವ ಗ್ಯಾರಡೋಸ್ ಎಂಬ ಪೊಕೆಮಾನ್‌ನ ಮೂಲ ಅಟ್ಯಾಕ್ 125, ಸ್ಪೆಷಲ್ ಅಟ್ಯಾಕ್ ಬರೀ 60. ಈಗ ಅದರ ಎರಡು ನೀರಿನ ದಾಳಿಗಳನ್ನು ಅಕ್ಕಪಕ್ಕ ಇಡಿ. ಹೈಡ್ರೋ ಪಂಪ್‌ನ ಪವರ್ 110, ಅದು ಸ್ಪೆಷಲ್. ವಾಟರ್‌ಫಾಲ್‌ನದು 80, ಅದು ಫಿಸಿಕಲ್. 110ನ್ನು 60ರಿಂದ ಗುಣಿಸಿದರೆ 6,600. 80ನ್ನು 125ರಿಂದ ಗುಣಿಸಿದರೆ 10,000. ಸಾಲದ್ದಕ್ಕೆ ಹೈಡ್ರೋ ಪಂಪ್ ತಗಲುವುದು ನೂರರಲ್ಲಿ ಎಂಬತ್ತು ಸಲ ಮಾತ್ರ. ಅದನ್ನೂ ಸೇರಿಸಿದರೆ 5,280. ‘ದೊಡ್ಡ’ ದಾಳಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು! ಆಟದ ನಿಜವಾದ ಸೂತ್ರ ಇದಕ್ಕಿಂತ ಉದ್ದವಾದದ್ದು, ಆದರೆ ದಾಳಿ ಆರಿಸಲು ಈ ಗುಣಾಕಾರ ಸಾಕು. 2006ರ ಡೈಮಂಡ್, ಪರ್ಲ್ ಆಟಗಳಿಗೆ ಮುಂಚೆ ನೀರಿನ ದಾಳಿಗಳೆಲ್ಲ ಸ್ಪೆಷಲ್ ಆಗಿದ್ದವು, ಆಗ ಗ್ಯಾರಡೋಸ್‌ಗೆ ಬೇರೆ ದಾರಿ ಇರಲಿಲ್ಲ. ಈಗ ಇದೆ.

ಎದುರಾಳಿಯ ಕಡೆಯಿಂದಲೂ ಇದೇ ಲೆಕ್ಕ ಹಾಕಿ: ಫಿಸಿಕಲ್ ಪೆಟ್ಟನ್ನು ತಡೆಯುವುದು ‘ಡಿಫೆನ್ಸ್’, ಸ್ಪೆಷಲ್ ಪೆಟ್ಟನ್ನು ‘ಸ್ಪೆಷಲ್ ಡಿಫೆನ್ಸ್’. ಬ್ಲಿಸ್ಸಿ ಎಂಬ ಪೊಕೆಮಾನ್‌ನ ಸ್ಪೆಷಲ್ ಡಿಫೆನ್ಸ್ 135, ಡಿಫೆನ್ಸ್ 10. ಅದರ ಮೇಲೆ ಸ್ಪೆಷಲ್ ದಾಳಿಯ ಬೆಂಕಿ, ಮಿಂಚು ಸುರಿಯುತ್ತಾ ಕೂರುವವರನ್ನು ನೋಡಿದರೆ ಸಂಕಟವಾಗುತ್ತದೆ. ಒಂದು ಸಾಧಾರಣ ಫಿಸಿಕಲ್ ಪೆಟ್ಟು ಅದನ್ನು ಅಲ್ಲಾಡಿಸುತ್ತದೆ.

ಮೂರನೆಯದು, ಸ್ವಂತ ಟೈಪ್‌ನ ದಾಳಿಗೆ ಸಿಗುವ ಒಂದೂವರೆ ಪಟ್ಟು. ವಾಟರ್‌ಫಾಲ್‌ನ 80 ಗ್ಯಾರಡೋಸ್ ಕೈಯಲ್ಲಿ 120 ಆಗುತ್ತದೆ. ಹಕ್ಕಿ ಪಿಜಾಟ್ ಎದುರಿಗಿದ್ದರೆ ಹಿಮದ ದಾಳಿ ಐಸ್ ಫ್ಯಾಂಗ್‌ನ 65 ಎರಡು ಪಟ್ಟಾಗಿ 130. ಆದರೆ ಅದು ನೂರಕ್ಕೆ ಐದು ಸಲ ತಪ್ಪುತ್ತದೆ, ಅಂದರೆ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಹುಲ್ಲು ಅಥವಾ ಡ್ರ್ಯಾಗನ್ ಬಂದಾಗ ವಾಟರ್‌ಫಾಲ್ 60ಕ್ಕೆ ಕುಸಿಯುತ್ತದೆ, ಐಸ್ ಫ್ಯಾಂಗ್‌ಗೆ ಬೆಲೆ ಬರುವುದು ಆಗ. ಮೂರನೇ ಜಾಗ ನೆಲದ ಟೈಪ್‌ನ ದಾಳಿ ಅರ್ತ್‌ಕ್ವೇಕ್‌ಗೆ: ಗ್ಯಾರಡೋಸ್‌ಗೆ ನಾಲ್ಕು ಪಟ್ಟು ಪೆಟ್ಟು ಕೊಡುವ ವಿದ್ಯುತ್ ಟೈಪ್‌ಗೆ ಅದೇ ಉತ್ತರ.

ಹೈಪರ್ ಬೀಮ್ ಬೇಡ. 150 ಪವರ್ ನೋಡಿ ಮನಸ್ಸು ಹರಿಯುತ್ತದೆ ನಿಜ, ಆದರೆ ಹೊಡೆದ ಮರು ಸರದಿಯಲ್ಲಿ ಸುಮ್ಮನೆ ನಿಂತು ಪೆಟ್ಟು ತಿನ್ನಬೇಕು.

ನಾಲ್ಕನೇ ಜಾಗವನ್ನು ಹೊಡೆಯದ ದಾಳಿಗೆ ಬಿಡಿ. ನನ್ನ ಆಯ್ಕೆ ಡ್ರ್ಯಾಗನ್ ಡ್ಯಾನ್ಸ್: ಒಂದು ಸರದಿ ಕೊಟ್ಟರೆ ಅಟ್ಯಾಕ್, ವೇಗ ಎರಡೂ ಒಂದೂವರೆ ಪಟ್ಟಾಗುತ್ತವೆ. ಆ ಸರದಿಯನ್ನು ಯಾವಾಗ ಕೊಡಬೇಕೆಂಬುದೇ ಮುಖ್ಯ. ಗ್ಯಾರಡೋಸ್ ಕಣಕ್ಕಿಳಿದಾಗ ಅದರ ‘ಇಂಟಿಮಿಡೇಟ್’ ಗುಣ ಎದುರಾಳಿಯ ಅಟ್ಯಾಕ್ ತಗ್ಗಿಸುತ್ತದೆ. ಹಾಗಾಗಿ ಎದುರಿಗೆ ಫಿಸಿಕಲ್ ದಾಳಿಯವನಿದ್ದರೆ, ಇಲ್ಲವೇ ನಿಮ್ಮ ನೀರಿಗೆ ಹೆದರಿ ಹಿಂದೆ ಸರಿಯಲಿರುವ ಬೆಂಕಿಯ ಪೊಕೆಮಾನ್ ಇದ್ದರೆ ಧೈರ್ಯವಾಗಿ ಕುಣಿಸಿ. ವಿದ್ಯುತ್ ಟೈಪ್‌ನ ಪಿಕಾಚು ಎದುರಿಗಿದ್ದರೆ ಕುಣಿತ ಬೇಡ, ನೇರವಾಗಿ ಅರ್ತ್‌ಕ್ವೇಕ್ ಒತ್ತಿ ಅಥವಾ ಗ್ಯಾರಡೋಸ್ ಅನ್ನು ವಾಪಸ್ ಕರೆಸಿಕೊಂಡು ನೆಲದ ಟೈಪ್‌ನ ಒಂದನ್ನು ಕಳುಹಿಸಿ.