ಹೊಗಳಿದವರಿಗೆ ಏನು ಹೇಳಲಿ?

ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚ್. ಕನ್ನಡ ಆರಾಧನೆಯ ಕ್ವಾಯರ್, ಅಂದರೆ ಹಾಡುವ ತಂಡ ನಡೆಸುವ ಸೇವೆ ನನ್ನದು. ಹಾಗಾಗಿ ಹೊಗಳಿಕೆ ಆಗಾಗ ಕಿವಿಗೆ ಬೀಳುತ್ತದೆ. ಕ್ರಿಸ್ಮಸ್ ಕ್ಯಾರಲ್ ಸಂಜೆಯಂತೂ ಕೇಳೋದೇ ಬೇಡ. ಬಾಗಿಲ ಹತ್ತಿರ ಕೈ ಹಿಡಿದು, "ಎಷ್ಟು ಚೆನ್ನಾಗಿ ಹಾಡಿಸಿದ್ರಿ ಅಕ್ಕ!" ಅನ್ನುತ್ತಾರೆ.

ಇದಕ್ಕೆ ನಮ್ಮಲ್ಲಿ ಒಂದು ರೂಢಿಯ ಉತ್ತರ ಇದೆ: "ಅಯ್ಯೋ, ನಂದೇನಿಲ್ಲ ಬಿಡಿ." ನಾನು ಹಾಗೆ ಹೇಳುವುದಿಲ್ಲ. ಹೇಳಿದ ಕೂಡಲೇ ಎದುರಿಗಿರುವವರು "ಇಲ್ಲ ಇಲ್ಲ, ನಿಜವಾಗ್ಲೂ ಚೆನ್ನಾಗಿತ್ತು" ಅಂತ ಇನ್ನೊಮ್ಮೆ ಹೊಗಳಬೇಕಾಗುತ್ತದೆ. ಅಲ್ಲದೆ, ವಾರಗಟ್ಟಲೆ ಕೂತು ಅಭ್ಯಾಸ ಮಾಡಿಸಿ "ಏನೂ ಮಾಡಿಲ್ಲ" ಅನ್ನೋದು ಸುಳ್ಳೇ ಅಲ್ವಾ? ದೀನತೆಗೆ ಸುಳ್ಳು ಬೇಕಾಗಿಲ್ಲ.

ನನಗೆ ದಾರಿ ತೋರಿಸಿದವಳು ಯೇಸುವಿನ ತಾಯಿ ಮರಿಯಳು. ಬೈಬಲಿನಲ್ಲಿ ಲೂಕನ ಸುವಾರ್ತೆಯ ಮೊದಲ ಅಧ್ಯಾಯ ತೆಗೆದು ನೋಡಿ. ಯೇಸುವನ್ನು ಹೊಟ್ಟೆಯಲ್ಲಿ ಹೊತ್ತ ಮರಿಯಳನ್ನು ಅವಳ ಬಂಧು ಎಲಿಸಬೇತಳು ಗಟ್ಟಿ ಧ್ವನಿಯಲ್ಲಿ ಹೊಗಳುತ್ತಾಳೆ. ಮರಿಯಳು ಬೇಡ ಅನ್ನುವುದಿಲ್ಲ. ಇನ್ನು ಮೇಲೆ ಎಲ್ಲ ತಲೆಮಾರಿನವರೂ ನನ್ನನ್ನು ಧನ್ಯಳು ಅನ್ನುತ್ತಾರೆ ಅಂತ ತಾನೇ ಒಂದು ಹಾಡಿನಲ್ಲಿ ಹೇಳುತ್ತಾಳೆ. ಯಾಕೆ ಅಂತಲೂ ಹೇಳುತ್ತಾಳೆ: ಶಕ್ತನಾದ ದೇವರು ನನಗೆ ದೊಡ್ಡ ಕೆಲಸ ಮಾಡಿದ್ದಾನೆ. ಅಲ್ಲಿಂದ ಮುಂದೆ ಆ ಹಾಡಿನಲ್ಲಿ ಅವಳ ಸುದ್ದಿಯೇ ಇಲ್ಲ. ಹಸಿದವರು ಬರುತ್ತಾರೆ, ದೀನರು ಬರುತ್ತಾರೆ, ಅಬ್ರಹಾಮನ ಸಂತತಿ ಬರುತ್ತದೆ. ಹೊಗಳಿಕೆ ಅವಳ ಹತ್ತಿರ ಬಂತು, ನಿಲ್ಲದೆ ಮುಂದಕ್ಕೆ ಹೋಯಿತು. ನನಗೂ ಅಷ್ಟೇ ಬೇಕು.

ಹಾಗಾಗಿ ನಾನು ಮೊದಲು ಕಣ್ಣು ಕೊಟ್ಟು ನೋಡಿ, "ಥ್ಯಾಂಕ್ಸ್, ಕೇಳಿ ತುಂಬ ಸಂತೋಷ ಆಯ್ತು" ಅನ್ನುತ್ತೇನೆ. ಆಮೇಲೆ ಇನ್ಯಾರಿಗೆ ಸಲ್ಲಬೇಕೋ ಅವರನ್ನು ತೋರಿಸುತ್ತೇನೆ. ಸುಮ್ನೆ "ಎಲ್ಲರೂ ಸೇರಿ ಮಾಡಿದ್ದು" ಅಂದರೆ ಯಾರಿಗೂ ಏನೂ ಸಿಗುವುದಿಲ್ಲ. ನೈಟ್ ಶಿಫ್ಟ್ ಮುಗಿಸಿ ನಿದ್ದೆಗೆಟ್ಟು ಬಂದ ಟೆನರ್ (ಗಂಡಸರ ಎತ್ತರದ ಸ್ವರ) ಹಾಡುವ ಹುಡುಗ ಅಲ್ಲೇ ಶೂ ಹಾಕಿಕೊಳ್ಳುತ್ತಿರುತ್ತಾನೆ. "ಆ ಕೊನೇ ಚರಣ ಎತ್ತಿ ಹಿಡಿದದ್ದು ಇವನು, ಇವನಿಗೆ ಹೇಳಿ" ಅನ್ನುತ್ತೇನೆ. ಅವನ ಮುಖ ಅರಳುವುದನ್ನು ನೋಡಬೇಕು.

ಒಮ್ಮೆ ಬೈಬಲಿನ 23ನೇ ಕೀರ್ತನೆಯ ಹಾಡು ಹಾಡಿದ ಮೇಲೆ ಒಬ್ಬರು ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡು, "ನೀನು ಹಾಡಿದ್ರೆ ಎದೆ ತುಂಬುತ್ತೆ ಮಗಾ" ಅಂದರು. "ಈ ಹಾಡು ನಿಮಗೆ ಅಷ್ಟು ಇಷ್ಟಾನಾ ಅಜ್ಜಿ?" ಅಂತ ಕೇಳಿದೆ. ಯಜಮಾನರನ್ನು ಮಣ್ಣು ಮಾಡಿದ ದಿನ ಇದನ್ನೇ ಹಾಡಿದ್ದರಂತೆ. ಆವತ್ತು ಅವರಿಗೆ ಬಾಯಿ ತೆರೆಯಲು ಆಗಿರಲಿಲ್ಲವಂತೆ. ಇವತ್ತು ಪೂರ್ತಿ ಹಾಡಿದೆ ಅಂದರು. ನಾವಿಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಪ್ರಾರ್ಥನೆ ಮಾಡಿದೆವು. ಹೊಗಳಿದವರನ್ನು ಹೀಗೆ ಒಂದು ಮಾತು ಕೇಳುವುದು ನನಗೆ ಈಗ ಅಭ್ಯಾಸ. ಅವರ ಮಾತಿನ ಹಿಂದೆ ಹೆಚ್ಚಾಗಿ ದೇವರು ಅವರೊಳಗೆ ಮಾಡಿದ ಏನೋ ಒಂದು ಕೆಲಸ ಇರುತ್ತದೆ.

"ದೇವರಿಗೆ ಸ್ತೋತ್ರ" ಅನ್ನೋದಿಲ್ವಾ ಅಂತ ಕೇಳಬಹುದು. ಅನ್ನುತ್ತೇನೆ, ಆದರೆ ನಿಧಾನವಾಗಿ, ಮನಸ್ಸು ಕೊಟ್ಟು. ಬಾಯಿಪಾಠವಾದರೆ ಅದರೊಳಗೂ ಗರ್ವ ಕೂರುತ್ತದೆ. ಯೇಸು ಹೇಳಿದ ಒಂದು ಕಥೆಯಲ್ಲಿ, ದೇವಾಲಯದಲ್ಲಿ ನಿಂತ ಫರಿಸಾಯನೂ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು) "ದೇವರೇ, ನಿನಗೆ ಸ್ತೋತ್ರ" ಅಂತಲೇ ಶುರು ಮಾಡಿದ್ದ. ಆಮೇಲೆ ಹೇಳಿದ್ದೆಲ್ಲ ತನ್ನ ವಿಷಯ.

ಶಾಲು, ಹಾರ, ಪೇಟದ ಸನ್ಮಾನ ಸ್ವಲ್ಪ ಕಷ್ಟದ್ದು. ಸಭೆಯ ವಾರ್ಷಿಕೋತ್ಸವಗಳಲ್ಲಿ ಇದು ಇದ್ದೇ ಇರುತ್ತದೆ. ಪ್ರೀತಿಯಿಂದ ಹೊದಿಸಿದ ಶಾಲನ್ನು ತಳ್ಳಿದರೆ ಅವರಿಗೆ ನೋವಾಗುತ್ತದೆ. ಹೊದ್ದುಕೊಳ್ಳುತ್ತೇನೆ, ಎರಡು ಮಾತಾಡಿ ಕೂರುತ್ತೇನೆ. ಫೋಟೋ ಸ್ಟೇಟಸ್‌ಗೆ ಹಾಕುವುದಿಲ್ಲ. ಆದರೆ "ಇವರಿಲ್ಲದೆ ನಮ್ಮ ಸಭೆಯೇ ಇಲ್ಲ" ಅಂತ ಮೈಕಿನಲ್ಲಿ ಯಾರಾದರೂ ಅಂದರೆ ಸುಮ್ಮನಿರುವುದಿಲ್ಲ, ಎದ್ದು ತಿದ್ದುತ್ತೇನೆ. ಲುಸ್ತ್ರ ಎಂಬ ಊರಿನ ಜನ, ಸುವಾರ್ತೆ ಸಾರಲು ಬಂದ ಪೌಲ ಬಾರ್ನಬರನ್ನು ದೇವರೆಂದು ತಿಳಿದು ಬಲಿಗೆ ಹೋರಿ, ಹೂವಿನ ಹಾರ ತಂದಾಗ ಅವರು ಬಟ್ಟೆ ಹರಿದುಕೊಂಡು ಜನರ ನಡುವೆ ನುಗ್ಗಿದರು. ನಾವೂ ನಿಮ್ಮಂಥ ಮನುಷ್ಯರೇ ಅಂತ ಕೂಗಿದರು. ಕ್ರಿಸ್ತನಿಗೆ ಸೇರಿದ ಜಾಗದಲ್ಲಿ ನನ್ನನ್ನು ಕೂರಿಸಿದರೆ ಮರ್ಯಾದೆಗೆಂದು ಸುಮ್ಮನಿರುವುದು ತಪ್ಪು.

ರಾತ್ರಿ ಮಲಗುವ ಮುಂಚೆ ಆವತ್ತು ಕೇಳಿದ ಒಳ್ಳೆಯ ಮಾತುಗಳನ್ನು ಒಂದೊಂದಾಗಿ ಹೇಳಿ ದೇವರ ಕೈಗೆ ಕೊಡುತ್ತೇನೆ. ಪೌಲ ಕೊರಿಂಥ ಊರಿನ ಸಭೆಯವರಿಗೆ ಪತ್ರದಲ್ಲಿ ಕೇಳಿದ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತೇನೆ: ಕೊಡಲ್ಪಡದೆ ನಿನ್ನ ಹತ್ತಿರ ಇರುವುದು ಏನು? ಕಂಠ ದೇವರು ಕೊಟ್ಟದ್ದು, ಸ್ವರ ಕಲಿಸಿದ ಅಮ್ಮನನ್ನೂ ದೇವರೇ ಕೊಟ್ಟದ್ದು, ಅಭ್ಯಾಸಕ್ಕೆ ಬೇಕಾದ ಆರೋಗ್ಯವೂ ಕೊಟ್ಟದ್ದು.

ಯಾರೂ ಏನೂ ಹೇಳದ ಭಾನುವಾರಗಳೂ ಇವೆ. ಚೆನ್ನಾಗಿ ಹಾಡಿರುತ್ತೇವೆ, ಜನ ಆತುರದಲ್ಲಿ ಮನೆಗೆ ಹೊರಟಿರುತ್ತಾರೆ. ಆಗ ಒಳಗೆ ಚುರ್ ಅಂದರೆ, ಆ ರಾತ್ರಿಯ ಪ್ರಾರ್ಥನೆ ಸ್ವಲ್ಪ ಜಾಸ್ತಿ ಹೊತ್ತು ಇರುತ್ತದೆ.