ಕಕ್ಕಡದ ಮಳೆಗೆ ಮೇ ತಿಂಗಳಲ್ಲೇ ಕಿಟ್ ಕಟ್ಟಿ

ಕೊಡಗಿನಲ್ಲಿ ಕೊಡುವ ಮನಸ್ಸು ಬರುವುದು ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ. ಕದಿರು ಮನೆಗೆ ಬಂದಿರುತ್ತದೆ, ಕಾಫಿ ಕೊಯ್ಲು ಹತ್ತಿರವಾಗಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ. ಆದರೆ ಆಗ ಲೈನ್ ಮನೆಯವರಿಗೂ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೂಲಿಕಾರರಿಗೂ, ದುಡಿಮೆ ಇರುತ್ತದೆ. ಕಷ್ಟ ಬರುವುದು ಕೊಡವರ ಕಕ್ಕಡ ತಿಂಗಳಲ್ಲಿ. ಜುಲೈ ನಡುವಿನಿಂದ ಮಳೆ ಹಿಡಿದುಕೊಂಡಿತೆಂದರೆ ದಿನಗೂಲಿಯವರಿಗೆ ಕೆಲಸ ಸಿಕ್ಕ ದಿನ ಸಿಕ್ಕಿತು, ಇಲ್ಲದ ದಿನ ಇಲ್ಲ. ಆದ್ದರಿಂದ ಮನೆಮಂದಿ, ಗೆಳೆಯರು ಸೇರಿ ದಿನಸಿ ಕೂಡಿಟ್ಟು ಇಲ್ಲದವರಿಗೆ ಹಂಚುವ ಆಹಾರ ಬ್ಯಾಂಕಿನ ಕೆಲಸಕ್ಕೆ ಇಳಿಯುವುದಾದರೆ ಮೇ ತಿಂಗಳ ಎರಡು ಭಾನುವಾರ ಎತ್ತಿಡಿ. ಬಿಸಿಲಿದ್ದಾಗ ಒಣಗಿಸಿ ಕಟ್ಟಿದ ಧಾನ್ಯವೇ ಮಳೆಗಾಲ ದಾಟುವುದು.

ಮೊದಲು ಕೇಳಿ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ರಾಜ್ಯದ ಮೂಲೆಮೂಲೆಯಿಂದ ಸಾಮಾನು ಹರಿದು ಬಂತು. ನಾನು ಕೆಲಸ ಮಾಡಿದ ಕಡೆ ಹಳೆಯ ಬಟ್ಟೆಯ ಗುಡ್ಡೆಯೇ ಬಿದ್ದಿತ್ತು, ಚಹಾಪುಡಿ ಮಾತ್ರ ಮೂರನೆಯ ದಿನಕ್ಕೆ ಮುಗಿದಿತ್ತು. ಕೊಡುವವರು ಯಾರೂ ಏನು ಬೇಕೆಂದು ಕೇಳಿರಲಿಲ್ಲ. ನಿಮ್ಮೂರಿನಲ್ಲಿ ಆಹಾರ ಸಂಗ್ರಹಿಸುವ ಸಂಘವೋ ಚರ್ಚೋ ಮಸೀದಿಯೋ ದೇವಸ್ಥಾನವೋ ಇದ್ದರೆ ಅಲ್ಲಿಗೆ ಹೋಗಿ, ಏನು ಕಡಿಮೆ ಇದೆ ಎಂದು ಕೇಳಿ. ನೆರೆ, ಕುಸಿತದ ಸಮಯವಾದರೆ ನೇರವಾಗಿ ಪರಿಹಾರ ಕೇಂದ್ರಕ್ಕೆ ನುಗ್ಗದೆ ಗ್ರಾಮ ಪಂಚಾಯಿತಿಯನ್ನೋ 1077 ಸಹಾಯವಾಣಿಯನ್ನೋ ಸಂಪರ್ಕಿಸಿ.

ಪಡಿತರ ಚೀಟಿ ಇರುವ ಮನೆಯಲ್ಲಿ ಅಕ್ಕಿ ಒಂದಿಷ್ಟು ಇದ್ದೇ ಇರುತ್ತದೆ. ಸಾಲದೇ ಹೋಗುವುದು ಬೇಳೆ, ಎಣ್ಣೆ, ಚಹಾಪುಡಿ. ನಾವು ಒಂದು ಕಿಟ್‌ಗೆ ಅಕ್ಕಿ 5 ಕಿಲೋ, ತೊಗರಿಬೇಳೆ 1 ಕಿಲೋ, ಹುರುಳಿ ಅರ್ಧ ಕಿಲೋ, ಎಣ್ಣೆ 1 ಲೀಟರ್, ಸಕ್ಕರೆ 1 ಕಿಲೋ, ಉಪ್ಪು 1 ಕಿಲೋ, ಚಹಾಪುಡಿ 250 ಗ್ರಾಂ, ಖಾರದ ಪುಡಿ 100 ಗ್ರಾಂ ಹಾಕುತ್ತೇವೆ. ಒಟ್ಟು ಹತ್ತು ಕಿಲೋದ ಆಸುಪಾಸು. ಜಾರುವ ಇಳಿಜಾರಿನಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದವರು ಇನ್ನೊಂದು ಕೈಯಲ್ಲಿ ಹೊರಬಹುದಾದದ್ದು ಅಷ್ಟೇ. 20 ಕಿಟ್‌ಗೆ 25 ಕಿಲೋದ ನಾಲ್ಕು ಮೂಟೆ ಅಕ್ಕಿ ಬೇಕು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ.

ಆರಿಸುವುದೇ ದೊಡ್ಡ ಕೆಲಸ

ಮೂಟೆ ಎತ್ತುವುದು ಹುಡುಗರಿಗೆ, ತಕ್ಕಡಿ ಒಬ್ಬರಿಗೇ, ಪೊಟ್ಟಣ ಎಣಿಸುವುದು ಮಕ್ಕಳಿಗೆ. ಬೇಳೆಕಾಳು ನೋಡುವ ಕೆಲಸವನ್ನು ಮನೆಯ ಹಿರಿಯ ಹೆಂಗಸರಿಗೆ ಬಿಡಿ. ನಮ್ಮ ಅತ್ತೆ ಕನ್ನಡಕವನ್ನೇ ಹಾಕುವುದಿಲ್ಲ. ಅಕ್ಕಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ಮೂಗಿಗೆ ಹಿಡಿಯುತ್ತಾರೆ. ಮುಗ್ಗಲು ವಾಸನೆ ಇದ್ದರೆ ಆ ಮೂಟೆ ಆಚೆಗೆ. ಬೂಷ್ಟು ಹಿಡಿದ ಶೇಂಗಾ ಬಂದರೆ ಯೋಚನೆಯೇ ಬೇಡ, ಎಸೆಯಿರಿ. ಬಿಸಿಲಿಗೆ ಒಣಗಿಸಿದರೂ ಹುರಿದರೂ ಅದರ ವಿಷ ಹೋಗುವುದಿಲ್ಲ.

ಪೊಟ್ಟಣಗಳ ಮೇಲಿನ ದಿನಾಂಕ ನೋಡುವಾಗ ಒಂದು ವ್ಯತ್ಯಾಸ ತಿಳಿದಿರಲಿ. ಬೆಸ್ಟ್ ಬಿಫೋರ್ ಎಂದಿದ್ದರೆ ಅದು ರುಚಿ, ಗುಣಮಟ್ಟದ ಮಾತು. ಎಕ್ಸ್‌ಪೈರಿ ಎಂದಿದ್ದರೆ ಆ ದಿನ ಕಳೆದ ಮೇಲೆ ತಿನ್ನಬಾರದು. ನಾವಂತೂ ಎರಡರಲ್ಲಿ ಯಾವುದು ದಾಟಿದ್ದರೂ ಕೊಡುವುದಿಲ್ಲ. ನಮ್ಮ ಮನೆಯಲ್ಲಿ ಬೇಡವಾದದ್ದನ್ನು ಇನ್ನೊಬ್ಬರ ತಟ್ಟೆಗೆ ಹಾಕುವುದು ದಾನವೂ ಅಲ್ಲ, ಏನೂ ಅಲ್ಲ. ಉಬ್ಬಿದ ಡಬ್ಬಿ, ಜಿನುಗುವ ಎಣ್ಣೆ ಪೊಟ್ಟಣ ಕೂಡ ಬೇಡ.

ತೋಟದವರಿಗೆ ಎರಡು ಮಾತು ಒತ್ತಿ ಹೇಳಬೇಕು. ಗೊಬ್ಬರದ ಖಾಲಿ ಚೀಲ ಎಷ್ಟೇ ಗಟ್ಟಿ ಇರಲಿ, ಎಷ್ಟು ಸಲ ತೊಳೆದಿರಲಿ, ಅದರಲ್ಲಿ ಅಕ್ಕಿ ತುಂಬಬೇಡಿ. ಮೈಲುತುತ್ತು, ಔಷಧದ ಡಬ್ಬಿ ಇಟ್ಟಿರುವ ಗೋದಾಮಿನಲ್ಲಿ ಕಿಟ್ ಇಡಬೇಡಿ. ಮಳೆಗಾಲದಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ. ಆದ್ದರಿಂದ ನೆಲಕ್ಕೆ ಹಲಗೆ ಹಾಸಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಪೇರಿಸಿ.

ಕಿಟ್ ಜೊತೆ ಸೋಪೂ ಕೊಡುವುದಾದರೆ ಅದನ್ನು ಬೇರೆ ಕವರಿನಲ್ಲಿ ಕಟ್ಟಿ. ಮೊದಲ ವರ್ಷ ನಾವು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತಿಂಗಳು ಇಟ್ಟಿದ್ದೆವು. ಲೈನ್ ಮನೆಯ ಅಜ್ಜಿಯೊಬ್ಬರು ನಂತರ ಸಿಕ್ಕಾಗ, "ನಿಮ್ಮ ಅಕ್ಕಿ ಚೆನ್ನಾಗಿತ್ತಕ್ಕಾ, ಉಂಡರೆ ಸ್ನಾನ ಮಾಡಿದ ಹಾಗೆ ಆಗುತ್ತಿತ್ತು" ಎಂದರು. ನನ್ನ ಮಗಳು ಈಗಲೂ ಆ ಮಾತನ್ನು ಸಂದರ್ಭ ಸಿಕ್ಕಾಗಲೆಲ್ಲ ಎತ್ತುತ್ತಾಳೆ.

ತಲುಪಿಸುವಾಗ

ಸಂತೆಯ ದಿನ ಹೋದರೆ ಮನೆಗಳು ಖಾಲಿ. ಮಡಿಕೇರಿ ಕಡೆಯಾದರೆ ಶುಕ್ರವಾರ ಬಿಡಿ. ತೋಟದ ಮಾಲೀಕರಿಗೋ ಲೆಕ್ಕ ನೋಡುವ ರೈಟರಿಗೋ ಮೊದಲೇ ತಿಳಿಸಿ. ಸಿದ್ದಾಪುರದ ಸುತ್ತಿನ ತೋಟಗಳಿಗೆ ಹೋಗುವವರು ಕತ್ತಲಾಗುವ ಮುಂಚೆ ವಾಪಸಾಗಿ, ಆನೆ ನಿಮ್ಮ ಸೇವೆಯನ್ನು ಪರಿಗಣಿಸುವುದಿಲ್ಲ. ಬಾಗಿಲಲ್ಲಿ ಕಿಟ್ ಕೊಟ್ಟು, ಮಾತನಾಡಿಸಿ ಬನ್ನಿ. ಫೋಟೊ ಬೇಡ. ಮಕ್ಕಳ ಕೈಯಲ್ಲಿ ಮೊಬೈಲ್ ಇದ್ದರೆ ಜೀಪಿನಲ್ಲೇ ಇರಲಿ.

ಮದುವೆಯಲ್ಲಿ ಉಳಿದ ಅಡುಗೆ ಹಂಚುವ ಆಸೆ ಎಲ್ಲರಿಗೂ ಬರುತ್ತದೆ. ಮೊದಲ ವರ್ಷ ಅದಕ್ಕೆ ಕೈ ಹಾಕಬೇಡಿ. ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯದಂತೆ ಸಾಗಿಸಬೇಕು, ಹಂದಿ ಮಾಂಸ ಯಾವುದರಲ್ಲಿದೆ ಎಂದು ಪಾತ್ರೆಯ ಮೇಲೆ ಬರೆದಿರಬೇಕು. ಅದಕ್ಕೆ ಪಳಗಿದ ತಂಡ ಬೇಕು.

ಒಂದು ನೋಟ್‌ಬುಕ್ ಇಡಿ. ಯಾವ ಸಾಲಿಗೆ ಎಷ್ಟು ಹೋಯಿತು, ಯಾರು ಹುರುಳಿ ಬೇಡ ಎಂದರು, ಯಾರಿಗೆ ಕುಚ್ಚಲಕ್ಕಿಯೇ ಬೇಕು ಎಂದು ಅಲ್ಲೇ ಬರೆದುಕೊಳ್ಳಿ. ಆಗಸ್ಟ್ ಕೊನೆಗೆ ಕಿಟ್ ಉಳಿದಿದ್ದರೆ ಒಂದನ್ನು ಬಿಚ್ಚಿ ನೋಡಿ. ಅಕ್ಕಿಗೆ ಹುಳ ಬಿದ್ದಿದ್ದರೆ ಜರಡಿ ಹಿಡಿದು ನಿಮ್ಮ ಮನೆಗೇ ಬಳಸಿ, ಯಾರಿಗೂ ಕೊಡಬೇಡಿ. ನಾವು ಒಂದು ವರ್ಷ ಸೆಪ್ಟೆಂಬರ್ ಪೂರ್ತಿ ಬೆಳಿಗ್ಗೆ ಸಂಜೆ ಅಕ್ಕಿ ರೊಟ್ಟಿಯನ್ನೇ ತಿಂದೆವು.